ನಲವತ್ತಮೂರನೆಯ ಸದ್ದು

ಕಾಟಿಗಳಿಗೆ, ಅಂದರೆ ಕಾಡುಕೋಣಗಳಿಗೆ, ಯಾವ ಸದ್ದೆಂದರೆ ಹೆಚ್ಚು ಭಯ ಎಂಬುದನ್ನು ಕಾಟಿಗಳನ್ನೇ ಕೇಳಿ ತಿಳಿಯುವ ಯಂತ್ರ ಬಂದ ವರ್ಷ ಅದು. ನೆಲ್ಲಿಗುಡ್ಡದ ವನ್ಯಜೀವಿ ಚಿಕಿತ್ಸಾ ಘಟಕದ ಹಿಂದಿನ ಕೋಣೆಯಲ್ಲಿ ಮೊದಲು ಹುಲ್ಲಿನ ಪಿಂಡಿ ಒಟ್ಟುತ್ತಿದ್ದರು. ಈಗ ಅಲ್ಲಿ ಒಂದು ದೊಡ್ಡ ಪರದೆ, ಎರಡು ಕುರ್ಚಿ, ಗೋಡೆಯ ತುಂಬ ತಂತಿ. ನಿಖತ್ ಎಂಬ ಸಂಶೋಧಕಿ ಮೈಸೂರಿನಿಂದ ಬಂದು ಆರು ತಿಂಗಳಿಂದ ಅಲ್ಲೇ ಕೂತಿದ್ದಳು. ಇನ್ನೂ ಮೂವತ್ತು ತುಂಬದ ಹುಡುಗಿ.

ಯಂತ್ರದ ಕೆಲಸ ಸರಳವಾದದ್ದು. ಕಾಟಿಯ ಕೊರಳಿಗೆ ಕಟ್ಟಿದ ಪಟ್ಟಿ ಅದರ ಎದೆಬಡಿತವನ್ನು ಎಣಿಸಿ ಪರದೆಗೆ ಕಳಿಸುತ್ತದೆ. ನೀರುಗುಂಡಿಗಳ ಬಳಿ ಮರಕ್ಕೆ ಕಟ್ಟಿದ ಪೆಟ್ಟಿಗೆಗಳು ಒಂದೊಂದು ಸಲ ಒಂದೊಂದು ಸದ್ದು ಹೊರಡಿಸುತ್ತವೆ. ಮೆಲುಕು ಹಾಕುತ್ತ ನಿಂತ ಕಾಟಿಯ ಎದೆ ನಿಮಿಷಕ್ಕೆ ಐವತ್ತು ಸಲ ಬಡಿಯುತ್ತದೆ. ಸದ್ದು ಕೇಳಿದಾಗ ಅದು ಎಷ್ಟಾಯಿತು, ಮತ್ತೆ ಐವತ್ತಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದರೆ ಆಯಿತು. ಹದಿನಾಲ್ಕು ಕಾಟಿಗಳನ್ನು ಮತ್ತಿನಲ್ಲಿ ಕೆಡವಿ ಪಟ್ಟಿ ಕಟ್ಟಿದ್ದರು. ಅರವತ್ತು ಸದ್ದುಗಳನ್ನು ಆರಿಸಿದ್ದರು. ಕಾಡಂಚಿನ ಊರುಗಳಲ್ಲಿ ಎರಡು ವರ್ಷದಲ್ಲಿ ನಾಲ್ಕು ಜನ ಕಾಟಿಯ ಕೊಂಬಿಗೆ ಸಿಕ್ಕಿ ಸತ್ತಿದ್ದರು. ಪಟಾಕಿಗೂ ತಮಟೆಗೂ ಜಗ್ಗದ ಆ ಪ್ರಾಣಿಯನ್ನು ಹೊಲದಿಂದ ದೂರ ಇಡುವ ಒಂದೇ ಒಂದು ಸದ್ದು ಸಿಕ್ಕರೆ ಸಾಕಿತ್ತು.

"ಮೇಡಂ, ಇದೊಂಚೂರು ನೋಡ್ತೀರಾ? ನನ್ನ ತಪ್ಪೇ ಇರ್ಬೇಕು," ಎಂದು ನಿಖತ್ ಕರೆದದ್ದು ಒಂದು ಮಂಗಳವಾರ ಬೆಳಿಗ್ಗೆ.

ಡಾಕ್ಟರ್ ಸರ್ವಮಂಗಳಾ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಐವತ್ತಾರು ವರ್ಷದ ಹೆಂಗಸು. ಘಟಕದ ಹಿರಿಯ ವೈದ್ಯೆ. ಹತ್ತೊಂಬತ್ತು ವರ್ಷದಲ್ಲಿ ಇನ್ನೂರ ಹನ್ನೆರಡು ಕಾಟಿಗಳಿಗೆ ಮತ್ತಿನ ಸೂಜಿ ಹೊಡೆದು ಕೆಡವಿ, ಗಾಯ ತೊಳೆದು, ಉರುಳು ಬಿಡಿಸಿ, ಮತ್ತೆ ಎಬ್ಬಿಸಿ ಕಾಡಿಗೆ ಕಳಿಸಿದ ಕೈ ಅವಳದು. ಒಂದೂ ಅವಳ ಕೈಯಲ್ಲಿ ಸತ್ತಿರಲಿಲ್ಲ. ಅವಳ ಹಿಂದೆಯೇ ಜಾಡುಗಾರ ಜಡೇಗೌಡ ಬಂದು ಬಾಗಿಲಿಗೆ ಒರಗಿ ನಿಂತ. ಸೋಲಿಗರ ಹಾಡಿಯವನು, ಅವಳಿಗಿಂತ ಹತ್ತು ವರ್ಷ ದೊಡ್ಡವನು.

"ಹುಲಿ ಗರ್ಜನೆಗೆ ತೊಂಬತ್ತಾರು," ಎಂದು ನಿಖತ್ ಓದಿದಳು. "ಪಟಾಕಿಗೆ ನೂರಾ ನಾಕು. ಕಾಡುನಾಯಿಗಳ ಸಿಳ್ಳೆಗೆ ನೂರಾ ಹತ್ತು. ಇಲ್ಲೀವರೆಗೂ ಸರಿ. ನಲವತ್ತಮೂರನೇ ಸದ್ದು ನೋಡಿ. ನೂರಾ ಐವತ್ತೆಂಟು. ಇಳಿಯೋಕೆ ಎರಡು ಗಂಟೆ. ಹದಿನಾಲ್ಕಕ್ಕೆ ಹದಿನಾಲ್ಕೂ ಹಂಗೇ."

"ಅದೇನು ಸದ್ದು?"

"ಅದೇ ತಮಾಷೆ. ಅದು ಏನೂ ಅಲ್ಲ. ಹೋಲಿಸೋಕೆ ಅಂತ ಒಂದು ಮಾಮೂಲಿ ಮನುಷ್ಯರ ದನಿ ಬೇಕಿತ್ತು. ಘಟಕದ ಹಳೇ ತರಬೇತಿ ವಿಡಿಯೊದಿಂದ ಎರಡು ನಿಮಿಷ ಕತ್ತರಿಸ್ಕೊಂಡೆ." ನಿಖತ್ ಒಂದು ಗುಂಡಿ ಒತ್ತಿದಳು.

"ಲಾಭ... ಎರಡು... ಮೂರು... ನಾಕು..."

ಅದು ಸರ್ವಮಂಗಳಾಳ ದನಿಯೇ ಆಗಿತ್ತು.

ಅವಳ ಅಪ್ಪ ಸಂತೆಯಲ್ಲಿ ರಾಗಿ ಅಳೆಯುತ್ತಿದ್ದವರು. ಅಳೆಯುವವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಮಗಳಿಗೂ ಅದೇ ಬಾಯಿಗೆ ಹತ್ತಿತ್ತು. ಮತ್ತಿನಲ್ಲಿ ಬಿದ್ದ ಪ್ರಾಣಿಯ ಉಸಿರನ್ನು ಯಾರಾದರೂ ಒಬ್ಬರು ಎಣಿಸುತ್ತಲೇ ಇರಬೇಕು. ಉಸಿರು ತಪ್ಪಿದರೆ ಪ್ರಾಣಿ ಹೋದಂತೆ. ಸರ್ವಮಂಗಳಾ ಒಂದು ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು, ಬರೆದುಕೊಳ್ಳುವವರಿಗೆ ಕೇಳಿಸಲೆಂದು ಗಟ್ಟಿಯಾಗಿ ಎಣಿಸುತ್ತಿದ್ದಳು. ತನ್ನ ಕೈ ನಡುಗದಿರಲಿ ಎಂಬುದೂ ಆ ಎಣಿಕೆಯ ಒಂದು ಕಾರಣವಾಗಿತ್ತು.

"ಹುಲಿಗಿಂತ ನಮ್ಮವ್ವನೇ ಮೇಲು ಅನ್ನಿ," ಎಂದ ಜಡೇಗೌಡ. ಮೂವರೂ ನಕ್ಕರು.

ನಗು ನಿಂತ ಮೇಲೆ ನಿಖತ್ ಹೇಳಿದಳು: "ಬೇರೆ ಹೆಂಗಸರ ದನಿ ಹಾಕಿ ನೋಡ್ದೆ. ಅರವತ್ತೈದೂ ದಾಟಲ್ಲ. ನಿಮ್ಮದೇ ಬೇರೆ ಮಾತು ಹಾಕ್ದೆ, ತೊಂಬತ್ತು. ಈ ಎಣಿಕೆಗೆ ಮಾತ್ರ ಹಿಂಗೆ. ಇನ್ನೊಂದಿದೆ ಮೇಡಂ." ಪರದೆಯ ಮೇಲೆ ನೀರುಗುಂಡಿಯ ಚಿತ್ರ ಮೂಡಿತು. ನಾಲ್ಕು ಹೆಣ್ಣು ಕಾಟಿ, ಎರಡು ಕರು. ಲಾಭ ಎಂಬ ಮಾತು ಮುಗಿಯುವ ಮೊದಲೇ ಕರುಗಳು ನೀರಿನಿಂದ ಮೂತಿ ಎತ್ತಿ ಓಡಿದವು. "ಈ ಕರುಗಳಿಗೆ ನಾವು ಯಾವತ್ತೂ ಸೂಜಿ ಹೊಡೆದಿಲ್ಲ. ತಾಯಂದಿರನ್ನ ನೋಡಿ ಕಲಿತಿರ್ಬೇಕು."

ನಿಖತ್ ಪರದೆ ಆರಿಸಿ ಕುರ್ಚಿಯನ್ನು ಇತ್ತ ತಿರುಗಿಸಿದಳು.

"ಮಲಗಿದ್ದಾಗ ಅವಕ್ಕೆ ಎಚ್ಚರ ಇರ್ತಿತ್ತಾ ಮೇಡಂ?"

ಮದ್ದು ಮೈಯನ್ನು ಕಟ್ಟುತ್ತದೆ ಎಂಬುದು ಸರ್ವಮಂಗಳಾಳಿಗೆ ಗೊತ್ತಿತ್ತು. ಸಾವಿರ ಕಿಲೋ ತೂಗುವ ಪ್ರಾಣಿ ಐದು ನಿಮಿಷದಲ್ಲಿ ಮುಂಗಾಲು ಮಡಚಿ ಕೂರುತ್ತದೆ, ರೆಪ್ಪೆ ಕೂಡ ಮುಚ್ಚದೆ. ಅದಕ್ಕೇ ಕಣ್ಣಿಗೆ ಬಟ್ಟೆ ಕಟ್ಟುವುದು. ಮನಸ್ಸು ಎಷ್ಟು ಮಲಗುತ್ತದೆ ಎಂದು ಅಳೆದವರು ಯಾರೂ ಇರಲಿಲ್ಲ.

"ಹಳೇ ಕೈಪಿಡೀಲಿ ಕಿವಿಗೆ ಹತ್ತಿ ಇಡಿ ಅಂತ ಇದೆಯಲ್ಲ," ಎಂದಳು ನಿಖತ್. "ಇಡ್ತಿದ್ರಾ?"

"ಮೊದಲು ಇಡ್ತಿದ್ವಿ," ಎಂದು ಸರ್ವಮಂಗಳಾ ಹೊರಗೆ ಬಂದಳು.

*

ಹನ್ನೊಂದು ವರ್ಷದ ಹಿಂದೆ ಒಂದು ಗಂಡು ಕಾಟಿ ಇತ್ತು. ಕಾಲಿಗೆ ಚುಚ್ಚಿದ್ದ ಕಬ್ಬಿಣದ ಚೂರು ತೆಗೆದು, ಎಬ್ಬಿಸುವ ಸೂಜಿ ಕೊಟ್ಟು, ಎಲ್ಲರೂ ಜೀಪು ಹತ್ತಿದ್ದರು. ಒಂಬತ್ತನೆಯ ದಿನ ಹುಲಿ ಹಿಡಿದ ಸುದ್ದಿ ಬಂತು. ಹೋಗಿ ನೋಡಿದರೆ, ಅಂಥ ದೊಡ್ಡ ಹೋರಿಯ ಮೇಲೆ ಹುಲಿ ಎಡಗಡೆಯಿಂದ ಎರಗಿತ್ತು. ಓಡಿದ ಗುರುತೂ ನೆಲದಲ್ಲಿ ಇರಲಿಲ್ಲ. ಸರ್ವಮಂಗಳಾ ಪರೀಕ್ಷೆಗೆಂದು ಬಗ್ಗಿ ಎಡಗಿವಿಯನ್ನು ಬಿಡಿಸಿ ನೋಡಿದಳು. ಒಳಗೆ ಅವಳೇ ತುರುಕಿದ ಹತ್ತಿ ಹಾಗೇ ಇತ್ತು, ಕೀವು ಹಿಡಿದು ಹಸಿರಾಗಿ.

ಅವತ್ತು ತೆಗೆದದ್ದು ಬಲಗಿವಿಯದು ಮಾತ್ರ. ಎಡಗಿವಿ ಮರೆತುಹೋಗಿತ್ತು.

ಅವಳು ಅದನ್ನು ಬೆರಳಲ್ಲಿ ಎಳೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ. ಎರಡು ತಿಂಗಳು ಅನ್ನ ಸೇರಲಿಲ್ಲ. ಆಮೇಲೆ, ಇನ್ನೆಂದೂ ಇಂಥ ತಪ್ಪು ಆಗಬಾರದೆಂದು, ಹತ್ತಿಯನ್ನೇ ಬಿಟ್ಟಳು. ಬಿಟ್ಟದ್ದಕ್ಕೆ ಕಾರಣ ಬರೆಯಬೇಕಿತ್ತು. 'ಮದ್ದಿನ ಪ್ರಮಾಣ ಸಾಕಷ್ಟಿರುವುದರಿಂದ ಕಿವಿ ಮುಚ್ಚುವ ಅಗತ್ಯವಿಲ್ಲ' ಎಂದು ಬರೆದಳು. ಒಂದೂ ಪ್ರಾಣಿ ಸಾಯದ ಘಟಕದ ಮಾತು ಎಂದು ಬೇರೆ ಒಂಬತ್ತು ಘಟಕಗಳೂ ಅದನ್ನೇ ಹಿಡಿದವು. ಅದಕ್ಕೆ ನೆಲ್ಲಿಗುಡ್ಡದ ಪದ್ಧತಿ ಎಂದು ಹೆಸರೂ ಬಿತ್ತು. ಆ ಹೆಸರು ಕೇಳಿದಾಗಲೆಲ್ಲ ಅವಳು ಚೀಲದ ತಳದಲ್ಲಿದ್ದ ಅಮೃತಾಂಜನದ ಹಳೆಯ ಡಬ್ಬಿಯನ್ನು ನೆನೆಯುತ್ತಿದ್ದಳು. ಹತ್ತಿ ಅದರಲ್ಲಿತ್ತು. ಎಸೆಯಲು ಮನಸ್ಸಾಗಿರಲಿಲ್ಲ, ತೋರಿಸಲು ಧೈರ್ಯವಾಗಿರಲಿಲ್ಲ.

ಹನ್ನೊಂದು ವರ್ಷದಲ್ಲಿ ಹತ್ತಿ ಇಲ್ಲದೆ ತಾನು ಕೆಡವಿದ್ದು ಎಷ್ಟು ಎಂದು ಅವಳು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದಳು. ನೂರಾ ಮೂವತ್ತು. ಕಿವಿಗೆ ಬಿಲ್ಲೆ ಚುಚ್ಚುವಾಗ, ಗಾಯ ಕೆರೆಯುವಾಗ, ರಕ್ತ ತೆಗೆಯುವಾಗ ಅವು ಕೇಳಿದ್ದು ತನ್ನ ಎಣಿಕೆ. ಅದರ ಜೊತೆಗೆ ಹುಡುಗರ ಜೋಕು, ಟೀಯ ಮಾತು, ಒಮ್ಮೆ ಯಾರದೋ ಮದುವೆಯ ಗಲಾಟೆ.

ಮನೆಯಲ್ಲಿ ಮಗಳು ಸಿಂಚನಾ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ನಾಲ್ಕು ತಿಂಗಳು. ಗಂಡ ಗುರುಮಲ್ಲಪ್ಪ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದರು. ಅವರ ಅಂಗಿಯೆಲ್ಲ ಜೊಲ್ಲು.

"ಬಂದಳಪ್ಪ ಮತ್ತಿನ ಡಾಕ್ಟ್ರು," ಎಂದರು. "ತಗೋ, ಇವಳಿಗೂ ಒಂದು ಸೂಜಿ ಹೊಡಿ. ಮಧ್ಯಾಹ್ನದಿಂದ ಕಣ್ಣು ಮುಚ್ಚಿಲ್ಲ."

ಸರ್ವಮಂಗಳಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನಿನ ಮೇಲೆ ಅಂಗೈ ಇಟ್ಟಳು. ಬೆನ್ನು ಏರಿ ಇಳಿಯಿತು. ಬಾಯಿ ತಾನಾಗಿ ತೆರೆಯಿತು. ಲಾಭ ಎಂದು ಹೇಳಲು ಹೋದವಳು ತುಟಿ ಕಚ್ಚಿಕೊಂಡಳು.

"ಎಣಿಸಮ್ಮ, ಹತ್ತು ಅನ್ನೋದ್ರೊಳಗೆ ಮಲಗ್ತಾಳೆ," ಎಂದಳು ಸಿಂಚನಾ.

"ಗಂಟಲು ನೋವು."

"ನಂಗೂ ಹಿಂಗೇ ಎಣಿಸ್ತಿದ್ದೆ, ನೆನಪಿದೆ. ನಾನು ಎಷ್ಟೋ ಸಲ ಮಲಗ್ತಾನೇ ಇರ್ಲಿಲ್ಲ ಗೊತ್ತಾ? ಅಲ್ಲಾಡದೆ ಬಿದ್ಕೊಂಡಿರ್ತಿದ್ದೆ. ಮಲಗಿದಳು ಅಂತ ನೀನು ಎದ್ದು ಹೋಗ್ತಿದ್ದೆ." ಸಿಂಚನಾ ನಕ್ಕಳು. ಅವಳಿಗೆ ಅದು ಬರೀ ಬಾಲ್ಯದ ಮಾತು.

ಸರ್ವಮಂಗಳಾ ಮಗುವನ್ನು ಅವಳ ಕೈಗೆ ಕೊಟ್ಟು ಅಡಿಗೆಮನೆಗೆ ಹೋಗಿ, ಬೇಳೆ ಬೇಯಲಿಟ್ಟು, ಉಪ್ಪು ಎರಡು ಸಲ ಹಾಕಿದಳು.

*

ಕಾಡಂಚಿನ ಊರುಗಳ ರಕ್ಷಣೆಗೆಂದು ಮಾಡಿದ ಗಡಿ ಸಮಿತಿಯ ಸಭೆ ಶುಕ್ರವಾರ. ನಿಖತಳ ವರದಿ ಆಗಲೇ ಎಲ್ಲರಿಗೂ ಹೋಗಿತ್ತು. ಅಧ್ಯಕ್ಷ ರಾಜಶೇಖರ್ ಸೊಗಸಾಗಿ ಮಾತಾಡುವ ಮನುಷ್ಯ. ಅವರ ಯೋಜನೆ ಇದು: ಕಾಡಂಚಿನ ಮುನ್ನೂರು ಕಂಬಗಳಿಗೆ ಪೆಟ್ಟಿಗೆ ಕಟ್ಟುವುದು, ಏನಾದರೂ ಅಲ್ಲಾಡಿದರೆ ಸಾಕು, ಪೆಟ್ಟಿಗೆ ಡಾಕ್ಟರ್ ಮೇಡಂ ದನಿಯಲ್ಲಿ ಎಣಿಸುವುದು. "ರಕ್ತ ಇಲ್ಲ, ಬೆಂಕಿ ಇಲ್ಲ, ಕರೆಂಟು ಇಲ್ಲ. ಒಬ್ಬ ತಾಯಿಯ ದನಿ ಸಾಕು," ಎಂದರು. ಚಪ್ಪಾಳೆ ಬಿತ್ತು.

ಸರ್ವಮಂಗಳಾ ಎದ್ದು ನಿಂತಳು. ಡಬ್ಬಿ ಚೀಲದಲ್ಲಿತ್ತು, ಚೀಲ ತೊಡೆಗೆ ತಾಗುತ್ತಿತ್ತು. ಎಲ್ಲ ಹೇಳಿಬಿಡಬೇಕೆಂದೇ ಬಂದಿದ್ದಳು.

"ಇದನ್ನ ಹಾಕ್ಬಾರ್ದು ಸಾರ್. ನಾವು ಕೆಡವಿದಾಗ ಅವಕ್ಕೆ ಎಚ್ಚರ ಇತ್ತು ಅನ್ಸತ್ತೆ. ಕಿವಿ ಮುಚ್ಚಿರ್ಲಿಲ್ಲ. ಆ ಭಯಾನೇ ಇದು. ಅದನ್ನ ದಿನಾ ಅವುಗಳ ಮೇಲೆ ಬಿಡೋದು..."

"ಕಿವಿ ಮುಚ್ಚೋದು ಬೇಡ ಅಂತ ತೀರ್ಮಾನ ಮಾಡಿದ್ದು ನೀವೇ ಅಲ್ವಾ ಮೇಡಂ? ಏನು ಕಾರಣಕ್ಕೆ?" ರಾಜಶೇಖರ್ ಕುತೂಹಲದಿಂದಲೇ ಕೇಳಿದರು. ಅವರ ಮಾತಿನಲ್ಲಿ ಆಪಾದನೆ ಇರಲಿಲ್ಲ.

ಇಪ್ಪತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು. ಕೈ ಚೀಲದೊಳಗೆ ಹೋಗಿ ಡಬ್ಬಿಯನ್ನು ಮುಟ್ಟಿತು. ತಣ್ಣಗಿತ್ತು.

"ಮದ್ದೇ ಸಾಕು ಅಂದ್ಕೊಂಡಿದ್ವಿ," ಎಂದಳು.

ಹಿಂದಿನ ಸಾಲಿನಿಂದ ಚಿಕ್ಕತಾಯಮ್ಮ ಎದ್ದಳು. ಕಾಡಂಚಿನಲ್ಲೇ ಅವರೆ, ರಾಗಿ ಬೆಳೆಯುವವಳು. ಹೋದ ವರ್ಷ ಅವಳ ಗಂಡನನ್ನು ಹೊಲದಲ್ಲೇ ಕಾಟಿ ಹಾಯ್ದು ಕೊಂದಿತ್ತು.

"ಡಾಕ್ಟ್ರವ್ವ, ನೀವು ಒಳ್ಳೇವ್ರು ಕನಿ. ಅವತ್ತು ನಮ್ಮ ಯಜಮಾನ್ರ ಹೆಣದ್ ಹತ್ರ ನೀವೇ ಬಂದು ಕುಂತಿದ್ರಿ, ನಾನು ಮರ್ತಿಲ್ಲ. ಆದ್ರ ಒಂದ್ ಕೇಳ್ತೀನಿ. ನಿಮ್ಗ ನಾಚ್ಕ ಆಯ್ತದ ಅಂತ ನಾವು ಹೊಲ್ದಲ್ಲಿ ಸಾಯ್ಬೇಕಾ?"

ಸರ್ವಮಂಗಳಾ ಬರಿಗೈಯನ್ನು ಚೀಲದಿಂದ ಹೊರಗೆ ತೆಗೆದಳು. ಅವಳು ಕೂತಳು. ಸಭೆಯ ನಡಾವಳಿಯಲ್ಲಿ 'ಡಾ. ಸರ್ವಮಂಗಳಾ ತಮ್ಮ ಅನುಭವ ಹಂಚಿಕೊಂಡರು' ಎಂದು ಒಂದು ಸಾಲು ಬಂತು. ಬೇರೆ ಒಂಬತ್ತು ಘಟಕಗಳಿಗೆ ಯಾರೂ ಏನೂ ಬರೆಯಲಿಲ್ಲ. ಬರೆಯಬೇಕಾದವಳು ಅವಳೇ. ಬರೆಯಲು ಕೂತರೆ ಕಾರಣ ಎಂಬ ಕಡೆಗೆ ಬಂದು ಪೆನ್ನು ನಿಲ್ಲುತ್ತಿತ್ತು.

*

ಪೆಟ್ಟಿಗೆಗಳು ಚೆನ್ನಾಗಿ ಕೆಲಸ ಮಾಡಿದವು. ಆರು ವಾರದಲ್ಲಿ ಒಂದು ಕಾಟಿಯೂ ಹೊಲಕ್ಕೆ ಇಳಿಯಲಿಲ್ಲ. ಅವರೆ ಹೂಬಿಟ್ಟು ಕಾಯಿ ಕಟ್ಟಿತು. ಊರಿನ ಹೆಂಗಸರು ಅವಳನ್ನು ಕಂಡರೆ ಕೈಮುಗಿಯುತ್ತಿದ್ದರು. ಒಬ್ಬಳು ಮನೆಗೇ ಬಂದು ಒಂದು ಮಂಕರಿ ಸೊಗಡವರೆ ಇಟ್ಟು ಹೋದಳು. ಮಕ್ಕಳು ಕುಂಟೆಬಿಲ್ಲೆ ಆಡುವಾಗ ಅವಳ ದನಿಯನ್ನೇ ಎಳೆದು "ಲಾಭಾ... ಎರಡೂ..." ಎಂದು ಹಾರುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು, "ಏನ್ ಡಾಕ್ಟ್ರಮ್ಮ, ನಮ್ಮ ಬಸ್ಸಲ್ಲೂ ಒಂದು ಕಟ್ಟಿಸಿ, ಟಿಕೆಟ್ ಇಲ್ದೋರೆಲ್ಲ ಇಳ್ಕೊಂಡ್ ಓಡ್ಲಿ," ಎಂದ. ಅವಳು ನಕ್ಕಳು. ನಗದಿದ್ದರೆ ಏನೆಂದು ಕೇಳುತ್ತಿದ್ದರು.

ಪರದೆ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಕಾಡಂಚಿನ ಮೂರು ನೀರುಗುಂಡಿಗಳ ಕಡೆಗೆ ಕಾಟಿಗಳು ಸುಳಿಯುವುದನ್ನೇ ಬಿಟ್ಟಿದ್ದವು. ಐವತ್ತು ಬಡಿಯಬೇಕಾದ ಎದೆಗಳು ಸುಮ್ಮನೆ ನಿಂತಾಗಲೂ ಎಪ್ಪತ್ತರಲ್ಲಿದ್ದವು.

"ನಾನು ಅವತ್ತೇ ಹೇಳ್ನಿಲ್ವ ಅವ್ವ," ಎಂದ ಜಡೇಗೌಡ ಒಂದು ದಿನ. "ಐದಾರು ವರ್ಸದ್ ಹಿಂದ. ಕಾಟಿ ನಿಮ್ ವಾಸ್ನಗ ಓಡದಿಲ್ಲ, ನೀವು ಬಾಯ್ ತೆಗುದ್ರ ಓಡ್ತವ ಅಂತ. ನೀವು ನಗಾಡ್ದ್ರಿ."

ಹೌದು. ನಕ್ಕಿದ್ದಳು.

ಮನೆಯಲ್ಲಿ ಗಂಟಲು ನೋವಿನ ನೆಪ ಹಳತಾಯಿತು. ಮಗು ಅಜ್ಜಿಯ ತೊಡೆಯ ಮೇಲೆ ಅವಳ ತುಟಿಯನ್ನೇ ನೋಡುತ್ತ ಕಾಯುತ್ತಿತ್ತು. ಕಾದು ಕಾದು ಅಳುತ್ತಿತ್ತು. "ಊರಿಗೆಲ್ಲ ಎಣಿಸ್ತೀಯ, ಮೊಮ್ಮಗಳಿಗೆ ಆಗಲ್ವಾ?" ಎಂದು ಸಿಂಚನಾ ಮುಖ ಊದಿಸಿಕೊಂಡಳು. ಗುರುಮಲ್ಲಪ್ಪ ಹೆಂಡತಿಯ ಮುಖ ನೋಡಿ ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಹೋದರು.

*

ಏಳನೆಯ ಪಟ್ಟಿಯ ಹೆಣ್ಣು ಕಾಟಿ ಕುಂಟುತ್ತಿದೆ ಎಂಬ ಸುದ್ದಿ ತಂದವನು ಜಡೇಗೌಡನೇ. ಹಂದಿಗೆ ಇಟ್ಟ ತಂತಿಯ ಉರುಳು ಮುಂಗಾಲಿಗೆ ಬಿಗಿದು, ಮಾಂಸದೊಳಗೆ ಇಳಿದಿತ್ತು. ಬಿಟ್ಟರೆ ಕಾಲು ಕೊಳೆತು ಸಾಯುತ್ತದೆ. ಕೆಡವಲೇಬೇಕು.

ಕೆಡವುವ ಹಿಂದಿನ ಸಂಜೆ ಸರ್ವಮಂಗಳಾ ಎಲ್ಲರನ್ನೂ ಕೂರಿಸಿ ಹೇಳಿದಳು: "ನಾಳೆ ಯಾರೂ ಬಾಯಿ ಬಿಡಕೂಡ್ದು. ಕೆಮ್ಮು ಬಂದ್ರೂ ದೂರ ಹೋಗಿ ಕೆಮ್ಮಿ. ಕಿವಿಗೆ ಹತ್ತಿ ಇಡ್ತೀವಿ." ಹತ್ತಿ ಎಂದಾಗ ಜಡೇಗೌಡ ತಲೆ ಎತ್ತಿ ಅವಳನ್ನು ನೋಡಿ, ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದ. "ಹತ್ತಿ ನಾನು ತತ್ತೀನಿ," ಎಂದ.

ಬೆಳಿಗ್ಗೆ ಎಂಟು ಗಂಟೆಗೆ ಸೂಜಿ ಸರಿಯಾಗಿ ತೊಡೆಗೆ ನಾಟಿತು. ಕಾಟಿ ಕಾಡಿನೊಳಗೆ ಓಡಬೇಕಿತ್ತು. ಗುಂಪು ಓಡಿದ ದಿಕ್ಕು ತಪ್ಪಿ ಅದು ಗಡಿಯ ಕಡೆಗೆ ತಿರುಗಿತು. ಕುಂಟುತ್ತಲೇ ಕಾಡಂಚಿನ ಕಂದಕ ದಾಟಿ, ಚಿಕ್ಕತಾಯಮ್ಮನ ಅವರೆ ಹೊಲದ ಅಂಚಿನಲ್ಲಿ, ಕಂಬದಿಂದ ಹತ್ತು ಮಾರು ದೂರದಲ್ಲಿ ಮಂಡಿಯೂರಿತು. ಸರ್ವಮಂಗಳಾ ಓಡಿ ಹೋಗಿ ಕಣ್ಣಿಗೆ ಬಟ್ಟೆ ಕಟ್ಟಿದಳು. ನಿಖತ್ ಕೈಯಲ್ಲಿದ್ದ ಫೋನಿನಲ್ಲಿ ಎದೆಬಡಿತ ಅರವತ್ತೆಂಟು. ಹತ್ತಿ ತರುತ್ತಿದ್ದ ಜಡೇಗೌಡ ಇನ್ನೂ ಕಂದಕ ಹತ್ತುತ್ತಿದ್ದ.

ಆಗ ಕಂಬದ ಮೇಲಿನ ಪೆಟ್ಟಿಗೆ ಮಾತಾಡಿತು.

"ಲಾಭ... ಎರಡು... ಮೂರು..."

ಕಾಟಿ ಅಲ್ಲಾಡಲಿಲ್ಲ. ಅಲ್ಲಾಡುವ ಶಕ್ತಿಯನ್ನು ಮದ್ದು ಕಿತ್ತುಕೊಂಡಿತ್ತು. ಹೊರಗಿನಿಂದ ನೋಡಿದವರು ಅದು ಹಾಯಾಗಿ ಮಲಗಿದೆ ಎಂದೇ ಹೇಳುತ್ತಿದ್ದರು. ನಿಖತ್ ಫೋನನ್ನು ಸರ್ವಮಂಗಳಾಳ ಮುಖದ ಮುಂದೆ ಹಿಡಿದಳು. ನೂರಾ ಹತ್ತು. ನೂರಾ ಮೂವತ್ತು. ನೂರಾ ಐವತ್ತು. ಮತ್ತಿನಲ್ಲಿರುವ ಎದೆ ಆ ವೇಗವನ್ನು ಹೆಚ್ಚು ಹೊತ್ತು ತಾಳುವುದಿಲ್ಲ.

ಸರ್ವಮಂಗಳಾ ಕಾಟಿಯ ತಲೆಯ ಮುಂದೆ ಮೊಣಕಾಲೂರಿ ಎರಡೂ ಕಿವಿಗಳನ್ನು ಮಡಚಿ ಅಂಗೈಯಿಂದ ಒತ್ತಿ ಹಿಡಿದಳು. ಅದರ ಹಣೆ ಅವಳ ಎದೆಗೆ ತಾಗಿತು. ಬಿಸಿ ಉಸಿರು ಹೊಟ್ಟೆಗೆ ಬಡಿಯುತ್ತಿತ್ತು. ತಲೆಯ ಮೇಲೆ ಅವಳ ದನಿ ಎಣಿಸುತ್ತಲೇ ಇತ್ತು. ಒಂದು ಗಳಿಗೆ ಅವಳು ಅದನ್ನು ಕಾಟಿಯ ಜಾಗದಲ್ಲಿ ನಿಂತು ಕೇಳಿದಳು. ಎಷ್ಟು ಅಕ್ಕರೆಯ ದನಿ. ಯಾರನ್ನೋ ಮಲಗಿಸುವ ದನಿ. ಆರು, ಏಳು, ಎಂಟು. ನಿಲ್ಲಿಸು ಎಂದು ಕೂಗಬೇಕೆನಿಸಿತು. ಕೂಗಿದರೆ ಅದೂ ಅದೇ ದನಿ.

ಹೊಲದ ಆಚೆಯಿಂದ ಚಿಕ್ಕತಾಯಮ್ಮ ಕುಡುಗೋಲು ಹಿಡಿದು ಬಂದಳು. ಬಂದವಳು ಕಾಟಿಯನ್ನು ನೋಡಿ ನಿಂತಳು. ಹೆಪ್ಪುಗಟ್ಟಿದ ರಕ್ತದ ಕಾಲು, ಕಣ್ಣಿಗೆ ಬಟ್ಟೆ, ಅದರ ತಲೆಯನ್ನು ತಬ್ಬಿ ಕೂತ ಡಾಕ್ಟರು. ನಿಖತ್ ತುಟಿಯ ಮೇಲೆ ಬೆರಳಿಟ್ಟು, ಫೋನು ತೋರಿಸಿದಳು. ನೂರಾ ಅರವತ್ತೆರಡು. ಆಮೇಲೆ ಕಂಬ ತೋರಿಸಿದಳು.

"ಅದ್ಕ ಕೇಳ್ತಾ ಅದಾ?" ಚಿಕ್ಕತಾಯಮ್ಮ ಪಿಸುಗುಟ್ಟಿದಳು.

ಸರ್ವಮಂಗಳಾ ತಲೆಯಾಡಿಸಿದಳು. ಕಣ್ಣಿನ ನೀರು ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಚಿಕ್ಕತಾಯಮ್ಮ ಮುಖ ತಿರುಗಿಸಿ ಸ್ವಲ್ಪ ಹೊತ್ತು ತನ್ನ ಅವರೆ ಹೊಲವನ್ನು ನೋಡಿದಳು. ಗಂಡ ಬಿದ್ದದ್ದು ಅದೇ ಹೊಲದ ಇನ್ನೊಂದು ಮೂಲೆಯಲ್ಲಿ. ಆಮೇಲೆ ಕಂಬದ ಹತ್ತಿರ ಹೋಗಿ ಬ್ಯಾಟರಿಯ ತಂತಿಯನ್ನು ಕಿತ್ತಳು. ಎಣಿಕೆ ಹದಿಮೂರಕ್ಕೆ ನಿಂತಿತು.

"ಇವತ್ತಿನ್ ಮಟ್ಟ್ಗ ಕನಿ," ಎಂದು ಸನ್ನೆಯಲ್ಲೂ ಪಿಸುಮಾತಿನಲ್ಲೂ ಹೇಳಿದಳು. "ನಾಳ ಸಿಕ್ಕಸ್ತೀನಿ."

ಜಡೇಗೌಡ ಬಂದು ಹತ್ತಿ ಕೊಟ್ಟ. ಎರಡು ಉಂಡೆ. ಒಂದರಿಂದ ಇನ್ನೊಂದಕ್ಕೆ ಒಂದು ಮೊಳ ಕೆಂಪು ದಾರ ಕಟ್ಟಿತ್ತು. ಕಿವಿಗಳಿಗೆ ಇಟ್ಟಾಗ ದಾರ ಕಾಟಿಯ ಹಣೆಯ ಮೇಲೆ ಹಾದು, ಎಲ್ಲರಿಗೂ ಕಾಣುವಂತೆ ಉಳಿಯಿತು. ಸರ್ವಮಂಗಳಾ ಆ ದಾರವನ್ನೇ ನೋಡಿದಳು. ಆಮೇಲೆ ಅಂಗೈಯನ್ನು ಪಕ್ಕೆಲುಬಿಗೆ ಇಟ್ಟು, ಬಾಯಿ ಮುಚ್ಚಿ, ಇನ್ನೊಂದು ಕೈಯ ಬೆರಳಿನಿಂದ ನಿಖತಳ ಮಂಡಿಯ ಮೇಲೆ ಒಂದೊಂದು ಉಸಿರಿಗೂ ಒಂದೊಂದು ಸಲ ತಟ್ಟಿದಳು. ನಿಖತ್ ಬರೆದುಕೊಂಡಳು. ಸಹಾಯಕರು ತಂತಿ ಕತ್ತರಿಸಿ, ಗಾಯ ತೊಳೆದು, ಮುಲಾಮು ತುಂಬಿದರು. ಬಡಿತ ನೂರಾ ಇಪ್ಪತ್ತು, ತೊಂಬತ್ತು, ಎಪ್ಪತ್ತು ಆಯಿತು. ಕೊನೆಗೆ ಅರವತ್ತೊಂದು.

ಎಬ್ಬಿಸುವ ಸೂಜಿ ಕೊಟ್ಟು ದಾರ ಎಳೆದಳು. ಎರಡೂ ಹತ್ತಿ ಒಟ್ಟಿಗೆ ಬಂದವು. ಬಟ್ಟೆ ಬಿಚ್ಚಿ ಎಲ್ಲರೂ ಹಿಂದೆ ಸರಿದರು. ಎರಡು ನಿಮಿಷಕ್ಕೆ ಕಾಟಿ ತಲೆ ಕೊಡವಿ ಎದ್ದಿತು, ಮೂಗರಳಿಸಿ ಸುತ್ತ ನೋಡಿತು, ಕಂದಕ ಇಳಿದು ಕಾಡಿನೊಳಗೆ ಹೋಯಿತು. ಅದು ಪೂರ್ತಿ ಮರೆಯಾಗುವವರೆಗೂ ಸರ್ವಮಂಗಳಾ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು.

*

ಘಟಕದ ಜಗಲಿಯ ಮೇಲೆ ಟೀ ಬಂತು. ಸರ್ವಮಂಗಳಾ ಟೀ ಮುಟ್ಟದೆ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನಿಖತಳ ಮುಂದೆ ಇಟ್ಟಳು. ಒಳಗಿದ್ದದ್ದು ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು. ಹೋರಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಡುವೆ ಎಲ್ಲೂ ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡಲಾಗುವುದಿಲ್ಲ ಎಂದು ಗೊತ್ತಿತ್ತು.

ನಿಖತ್ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಜಡೇಗೌಡ ಎಲೆ ಉಗಿದು ಬಂದು ಮೆಟ್ಟಿಲ ಮೇಲೆ ಕೂತ.

"ನಾನು ಅವತ್ತೇ ನೋಡಿದ್ದಿ ಕನವ್ವ," ಎಂದ. "ನೀವು ಕಿವಿಂದ ಎಳ್ದು ಜೇಬ್ಗ ಹಾಕದ್ನ. ನಾನು ಹಿಂದ್ಗಡೇನೇ ನಿಂತಿದ್ದಿ."

ಸರ್ವಮಂಗಳಾಳಿಗೆ ಅವನ ಮುಖ ನೋಡಲಾಗಲಿಲ್ಲ. "ಯಾಕ್ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅನ್ಕಂಡಿ. ಇವತ್ ಹೇಳ್ತರ, ನಾಳ ಹೇಳ್ತರ ಅಂತ." ಅವನು ಕೆಂಪು ದಾರದ ಹತ್ತಿಯನ್ನು ತನ್ನ ಬೆರಳಿಗೆ ಸುತ್ತಿಕೊಂಡ. "ಈ ದಾರ ಇವತ್ತಿಂದಲ್ಲ. ಆ ಹೋರಿ ಸತ್ತ ವಾರ್ದಲ್ಲೇ ಕಟ್ ಮಡ್ಗಿದ್ದಿ, ಇನ್ ಮರೀಬಾರ್ದು ನಮ್ಮವ್ವ ಅಂತ. ಕೊಡವ ಅಂತ ಬಂದ್ರ ನೀವು ಹತ್ತಿನೇ ಬ್ಯಾಡ ಅಂದ್ಬುಟ್ರಿ. ಡಾಕ್ಟ್ರು ಅಂದ್ಮ್ಯಾಲ ನಾನೇನ್ ಹೇಳದು. ಚೀಲ್ದಲ್ಲೇ ಬಿದ್ದಿತ್ತು."

ಒಂದು ಮೊಳ ದಾರ. ನೂರಾ ಮೂವತ್ತು ಕಾಟಿ ಅವಳ ಲೆಕ್ಕಕ್ಕೆ. ಒಂಬತ್ತು ಘಟಕಗಳ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿತು.

"ಆ ಒಂಬತ್ತು ಘಟಕಗಳ ವಿಳಾಸ ತೆಗಿ ನಿಖತ್," ಎಂದಳು ಕೊನೆಗೆ. "ಈ ದಾರದ ಫೋಟೊ ಬೇಕು. ಡಬ್ಬೀದೂ ಬೇಕು."

"ಡಬ್ಬೀದು ಯಾಕೆ ಮೇಡಂ? ಹತ್ತಿ ಇಡಿ, ದಾರ ಕಟ್ಟಿ ಅಂತ ಬರೆದ್ರೆ ಸಾಕಲ್ವಾ?"

"ಕಾರಣ ಕೇಳ್ತಾರೆ."

ಅವಳು ಒಳಗೆ ಹೋಗಿ, ಹನ್ನೊಂದು ವರ್ಷದ ಹಿಂದೆ ಅದೇ ಪದ್ಧತಿಯನ್ನು ಬರೆದ ಅದೇ ಮೇಜಿನ ಮುಂದೆ ಕೂತಳು. ದೂರದಲ್ಲಿ ಇನ್ನೊಬ್ಬರ ಹೊಲದ ಕಂಬದಿಂದ ಎಣಿಕೆ ಸಣ್ಣಗೆ ಕೇಳುತ್ತಿತ್ತು. ಅಲ್ಲಿ ಯಾವ ಪ್ರಾಣಿ ಸುಳಿದಿತ್ತೋ. ನಾಳೆ ಚಿಕ್ಕತಾಯಮ್ಮನೂ ತಂತಿ ಸಿಕ್ಕಿಸುತ್ತಾಳೆ. ಅವಳನ್ನು ಬೇಡವೆನ್ನುವ ಹಕ್ಕು ತನಗಿಲ್ಲ. ಸರ್ವಮಂಗಳಾ ಎದ್ದು ಕಿಟಕಿ ಮುಚ್ಚಲು ಹೋದವಳು, ಮುಚ್ಚದೆ ಹಾಗೇ ಬಿಟ್ಟು ಬಂದಳು. ಕಾಗದದ ಮೇಲೆ ಮೊದಲು ಕಾರಣ ಎಂದು ಬರೆದು, ಅದರ ಕೆಳಗೆ ಹೀಗೆ ಶುರುಮಾಡಿದಳು: 'ಒಂದು ಗಂಡು ಕಾಟಿಯ ಎಡಗಿವಿಯಲ್ಲಿ ಹತ್ತಿ ಮರೆತವಳು ನಾನು.'